ಮೈಕ್ರೋಮೀಟರ್ ಬಾಯಿ ಮುಚ್ಚಿ ಕಳಿಸಬೇಡಿ

ಕಳೆದ ಜುಲೈನಲ್ಲಿ ಬೆಂಗಳೂರಿನ ಪೀಣ್ಯದಿಂದ ಮಂಗಳೂರಿನ ಬೈಕಂಪಾಡಿಗೆ, ಅಲ್ಲಿ ಲೇತ್ ಇಟ್ಟುಕೊಂಡಿರುವ ಭಾವನಿಗೆ, ಒಂದು 0-25 ಎಂಎಂ ಮೈಕ್ರೋಮೀಟರ್ (ಎಂಎಂನ ನೂರನೇ ಒಂದು ಭಾಗವನ್ನೂ ಅಳೆಯುವ ಉಪಕರಣ) ಕೊರಿಯರ್ ಮಾಡಿದೆ. ನನ್ನ ಹತ್ತಿರ ಎರಡಿತ್ತು, ಒಂದು ಸುಮ್ನೆ ಬಿದ್ದಿತ್ತು. ಧೂಳು ಹೋಗಬಾರದು ಅಂತ ಅದರ ಬಾಯಿಯ ಅಲುಗದ ಮುಖವಾದ ಆನ್ವಿಲ್‌ಗೆ, ಎದುರಿನ ತಿರುಗುವ ಸ್ಪಿಂಡಲ್ ತಾಗುವವರೆಗೂ ತಿರುಗಿಸಿ, ಲಾಕ್ ಹಾಕಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಸುತ್ತಿದೆ. ಪಾರ್ಸೆಲ್ ಎಂಟು ದಿನ ಮಳೆಯಲ್ಲಿ ಎಲ್ಲೆಲ್ಲೋ ಸುತ್ತಿತು. ಕೊನೆಗೆ ಫೋನ್ ಬಂತು: "ಎಂತ ಮಾರಾಯ, ತುಕ್ಕು ಹಿಡಿದದ್ದು ಕಳಿಸಿದ್ದಾ?"

ಫೋಟೋ ನೋಡಿದರೆ ಎರಡೂ ಮುಖದಲ್ಲಿ ಒಂದೇ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಕಂದು ಕಲೆ. ಅದು ನನ್ನದೇ ಬೆರಳಿನ ಬೆವರು. ಬೆವರಲ್ಲಿ ಉಪ್ಪಿದೆ, ಮುಖ ಕೂಡಿಸಿಟ್ಟರೆ ಆ ತೇವ ನಡುವೆ ಸಿಕ್ಕಿಕೊಂಡು ಒಣಗುವುದೇ ಇಲ್ಲ. ಮೇಲೆ ಪ್ಲಾಸ್ಟಿಕ್ ಬೇರೆ! ಒರೆಸಿದ ಮೇಲೂ, ಬಾಯಿ ಮುಚ್ಚಿದಾಗ ಜೀರೋ ತೋರಿಸಬೇಕಾದ್ದು ಒಂದೂವರೆ ಗೆರೆ ಆಚೆ. ಅಂದರೆ 0.015 ಎಂಎಂ. ಅಷ್ಟೇನಾ ಅನ್ನಬೇಡಿ, 25 ಎಂಎಂ ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಕೆ6 ಅನ್ನೋ ಫಿಟ್ ಗುರುತು ಡ್ರಾಯಿಂಗ್‌ನಲ್ಲಿದ್ದರೆ ಒಟ್ಟು ಟಾಲರೆನ್ಸೇ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) 0.013 ಎಂಎಂ.

ಈಗ ಹೀಗೆ ಮಾಡುತ್ತೇನೆ. ಮೊದಲು ಎರಡು ಮುಖದ ನಡುವೆ ಶುದ್ಧ ಬಿಳಿ ಕಾಗದ ಇಟ್ಟು, ರಾಚೆಟ್‌ನಿಂದ (ಹೆಚ್ಚು ಬಿಗಿಯಾಗದಂತೆ ಜಾರುವ ತುದಿಯ ತಿರುಪು) ಮೆಲ್ಲಗೆ ಹಿಡಿಸಿ, ಕಾಗದ ಎಳೆದು ತೆಗೆಯುತ್ತೇನೆ, ಕೊಳೆ ಅದರಲ್ಲೇ ಬಂದುಬಿಡುತ್ತದೆ. ಆಮೇಲೆ ತೆಳ್ಳಗೆ ಸ್ಪಿಂಡಲ್ ಆಯಿಲ್ ಸವರಿ, ಒಂದೆರಡು ಎಂಎಂ ಬಾಯಿ ತೆರೆದು, ಲಾಕ್ ಬಿಟ್ಟು ಇಡುತ್ತೇನೆ. ಬಿಸಿಲಿಗೆ ಲೋಹ ಹಿಗ್ಗಿದರೂ ಒಂದಕ್ಕೊಂದು ಒತ್ತುವುದಿಲ್ಲ. ಸುತ್ತಲು ತುಕ್ಕು ತಡೆಯುವ ವಿಸಿಐ ಪೇಪರ್. ಮೈಕ್ರೋಮೀಟರ್ ಇಡುವ ಡಬ್ಬದೊಳಗಿನ ಸ್ಪಂಜ್ ತೇವ ಹಿಡಿಯುತ್ತದೆ, ನಾನಂತೂ ಕಿತ್ತು ಬಿಸಾಡಿದೆ. ಹಾಗಂತ ಒಳಗೆ ಖಾಲಿ ಬಿಡುವಂತಿಲ್ಲ, ಆ ಜಾಗಕ್ಕೂ ಅದೇ ಪೇಪರ್ ಮಡಚಿ ತುರುಕುತ್ತೇನೆ. ಡಬ್ಬದ ಸುತ್ತ ಎರಡು ಇಂಚು ಥರ್ಮಾಕೋಲ್. ಟೇಪ್ ಹಾಕುವ ಮೊದಲು ಕಿವಿ ಹತ್ತಿರ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ ಮತ್ತೆ ಮಾಡಿ.

ಡಿಜಿಟಲ್ ವರ್ನಿಯರ್ ಆದರೆ ಸೆಲ್ ತೆಗೆದುಬಿಡಿ, ಸೋರಿದರೆ ಕೆಲಸ ಕೆಡುತ್ತದೆ. ಡಯಲ್ ಗೇಜ್‌ನ ಪ್ಲಂಜರ್‌ಗೆ (ಒತ್ತಿದರೆ ಮುಳ್ಳು ತಿರುಗಿಸುವ ಕಡ್ಡಿ) ಮಾತ್ರ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಮುಳ್ಳು ಸಿಕ್ಕಿಕೊಳ್ಳುತ್ತದೆ. ಸ್ಲಿಪ್ ಗೇಜ್‌ಗಳನ್ನು (ನಿಖರ ಅಳತೆಯ ನುಣುಪು ಉಕ್ಕಿನ ತುಂಡುಗಳು) ಒಂದಕ್ಕೊಂದು ಅಂಟಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಬಿಡಿಸಲು ಹರಸಾಹಸ.

ಪಾರ್ಸೆಲ್ ತಲುಪಿದ ತಕ್ಷಣ ಬಿಚ್ಚಿ ಅಳೆಯಬೇಡಿ. ಎಸಿ ರೂಮಿನಿಂದ ಬಂದ ತಣ್ಣನೆ ಕಬ್ಬಿಣ ಕರಾವಳಿಯ ಗಾಳಿಗೆ ಬೆವರುತ್ತದೆ, ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ. ಡಬ್ಬ ಸಮೇತ ಮೂರ್ನಾಲ್ಕು ಗಂಟೆ ಅಲ್ಲೇ ಇರಲಿ. ಆಮೇಲೆ ಜೀರೋ ನೋಡಿ.

ಭಾವನಿಗೆ ನನ್ನ ಇನ್ನೊಂದನ್ನು ನಾನೇ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿ ಕೊಟ್ಟೆ. ತುಕ್ಕಿನದು ವಾಪಸ್ ಬಂದಿದೆ, ಹೊಸ ಹುಡುಗರಿಗೆ ರೀಡಿಂಗ್ ಕಲಿಸೋಕೆ ಇಟ್ಟಿದ್ದೇನೆ.