ಗದ್ಯದ ರಚನೆ ತಿಳಿದರೆ ಪಾತ್ರದ ಗುಣವೂ ತಿಳಿಯುತ್ತದೆ

ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಬೋಧಿಸುತ್ತೇನೆ. ಅಪಠಿತ ಗದ್ಯದ ಕೆಳಗೆ ‘ಈ ವ್ಯಕ್ತಿಯ ಸ್ವಭಾವವನ್ನು ತಿಳಿಸಿ’ ಎಂಬ ಪ್ರಶ್ನೆ ಬಂದರೆ ಹೆಚ್ಚಿನ ಮಕ್ಕಳು ‘ಒಳ್ಳೆಯವರು’, ‘ಬುದ್ಧಿವಂತರು’ ಎಂದು ಬರೆದು ಮುಗಿಸುತ್ತಾರೆ. ಇದನ್ನು ಪದಸಂಪತ್ತಿನ ಕೊರತೆಯೆಂದು ಬಗೆದು ಗುಣವಾಚಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವವರುಂಟು. ಅದರಿಂದ ಹೆಚ್ಚಿನ ಪ್ರಯೋಜನವಾದುದನ್ನು ನಾನು ಕಂಡಿಲ್ಲ. ಗದ್ಯ ಹೇಗೆ ಜೋಡಣೆಯಾಗಿದೆ, ಎಲ್ಲಿ ತಿರುವು ಪಡೆದಿದೆ ಎಂಬುದನ್ನು ಗುರುತಿಸಲಾರದ ಮಗುವಿಗೆ ಗುಣವನ್ನು ಎಲ್ಲಿ ಹುಡುಕಬೇಕೆಂಬುದೇ ತಿಳಿಯುವುದಿಲ್ಲ.

ಆದ್ದರಿಂದ ಮೊದಲು ರಚನೆಯನ್ನೇ ಕಲಿಸುತ್ತೇನೆ. ಗದ್ಯದ ವಾಕ್ಯಗಳನ್ನು ಬಿಡಿ ಚೀಟಿಗಳಲ್ಲಿ ಬರೆದು, ಕಲಸಿ, ಗುಂಪುಗಳಿಗೆ ಹಂಚುತ್ತೇನೆ. ಆಲೆಮನೆಯ ವಿವರವಾದರೆ ನಮ್ಮ ಕಡೆಯ ಮಕ್ಕಳು ಕ್ಷಣದಲ್ಲಿ ಜೋಡಿಸಿಬಿಡುತ್ತಾರೆ: ಕಬ್ಬು ಅರೆಯದೆ ಹಾಲಿಲ್ಲ, ಹಾಲು ಕೊಪ್ಪರಿಗೆಯಲ್ಲಿ ಕುದಿಯದೆ ಪಾಕವಿಲ್ಲ, ಪಾಕ ಹದಕ್ಕೆ ಬಾರದೆ ಅಚ್ಚಿಗೆ ಸುರಿಯುವಂತಿಲ್ಲ. ಊರ ಜಾತ್ರೆಯ ವರ್ಣನೆಯಾದರೆ ಚೀಟಿಗಳು ಹಿಂದುಮುಂದಾದರೂ ಅರ್ಥ ಅಷ್ಟಾಗಿ ಕೆಡುವುದಿಲ್ಲ. ಅನುಕ್ರಮಕ್ಕೂ ವರ್ಣನೆಗೂ ಇರುವ ಈ ವ್ಯತ್ಯಾಸ ಮನದಟ್ಟಾದ ಮೇಲೆ ಉಳಿದ ರಚನೆಗಳನ್ನು ವಿವರಿಸುವುದು ಸುಲಭ.

ಸಮಸ್ಯೆ ಮತ್ತು ಪರಿಹಾರದ ರಚನೆಗಾಗಿ ಕನ್ನಂಬಾಡಿ ಕಟ್ಟೆಯ ಬಗ್ಗೆ ನಾನೇ ಒಂದು ಗದ್ಯ ಬರೆದಿಟ್ಟುಕೊಂಡಿದ್ದೇನೆ. ಮೊದಲ ಪ್ಯಾರಾದಲ್ಲಿ ಸಮಸ್ಯೆಯಿದೆ: ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದರೆ, 1902ರಲ್ಲಿ ಆರಂಭವಾಗಿದ್ದ ಶಿವನಸಮುದ್ರದ ವಿದ್ಯುತ್ ಉತ್ಪಾದನೆಗೆ ತೊಂದರೆ, ಮಳೆ ಕೈಕೊಟ್ಟರೆ ಅದನ್ನೇ ನಂಬಿದ ಮಂಡ್ಯ ಸೀಮೆಯ ಹೊಲಗಳಿಗೂ ತೊಂದರೆ. ಎರಡನೆಯದರಲ್ಲಿ ಪರಿಹಾರ: ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಸುಮಾರು 41.5 ಟಿಎಂಸಿ ನೀರು ನಿಲ್ಲುವ ಅಣೆಕಟ್ಟನ್ನು ಯೋಜಿಸಿದರು. ಮೂರನೆಯದರಲ್ಲಿ ಅಡ್ಡಿ: ಮದ್ರಾಸ್ ಸರ್ಕಾರ ಒಪ್ಪಲಿಲ್ಲ, 11 ಟಿಎಂಸಿಗಷ್ಟೇ ಅನುಮತಿ ದೊರೆಯಿತು, ಆದರೂ ತಳಪಾಯವನ್ನು ಪೂರ್ಣ ಯೋಜನೆಯ ಕಟ್ಟೆಗೆ ತಕ್ಕಂತೆಯೇ ಹಾಕಿಸಿದರು. ಎರಡು ಸರ್ಕಾರಗಳ ನಡುವಿನ ವಿವಾದ ಬೆಳೆದು 1924ರ ಒಪ್ಪಂದದವರೆಗೂ ಹೋಯಿತು.

‘ಬುದ್ಧಿವಂತರು ಸಾರ್’ ಎಂದ ಹುಡುಗನನ್ನು ‘ಯಾವ ವಾಕ್ಯ ನೋಡಿ ಹೇಳಿದೆಯಪ್ಪ?’ ಎಂದು ಕೇಳಿದೆ. ಅವನು ಎರಡನೆಯ ಪ್ಯಾರಾ ತೋರಿಸಿದ. ಯೋಜನೆ ಹಾಕುವುದು ಇಂಜಿನಿಯರರ ಕೆಲಸವೇ ಆಗಿರುವಾಗ ಅಲ್ಲಿ ಈ ವ್ಯಕ್ತಿಯ ವಿಶೇಷವೇನೆಂದು ಕೇಳಿ, ಅಡ್ಡಿ ಬಂದ ಮೇಲೆ ಏನು ಮಾಡಿದರೆಂದು ನೋಡಲು ಹೇಳಿದೆ. ಒಬ್ಬ ಹುಡುಗಿ ‘ದೂರದೃಷ್ಟಿ’ ಎಂದಳು. ಹಿಂದಿನ ಬೆಂಚಿನಿಂದ ‘ಹಟ ಸಾರ್’ ಎಂಬ ಉತ್ತರ ಬಂತು. ಇಬ್ಬರೂ ಬೆರಳಿಟ್ಟು ತೋರಿಸಿದ್ದು ತಳಪಾಯದ ವಾಕ್ಯವನ್ನೇ. ಎರಡನ್ನೂ ಬೋರ್ಡಿನ ಮೇಲೆ ಬರೆದೆ, ಏಕೆಂದರೆ ಎರಡಕ್ಕೂ ಗದ್ಯದಲ್ಲಿ ಆಧಾರವಿದೆ. ‘ದಯಾಳು’ ಎಂಬುದನ್ನು ಬರೆಯಲಿಲ್ಲ. ಅವರು ದಯಾಳುವಲ್ಲವೆಂದಲ್ಲ, ಆ ಗದ್ಯದಲ್ಲಿ ಅದನ್ನು ಹೇಳುವ ವಾಕ್ಯವಿಲ್ಲ.

ಕಥೆಗಳಲ್ಲಿ ಇನ್ನೊಂದು ತೊಡಕಿದೆ. ಒಂದು ಪಾತ್ರದ ಬಗ್ಗೆ ಮತ್ತೊಂದು ಪಾತ್ರ ಆಡಿದ ಮಾತನ್ನು ಮಕ್ಕಳು ಹಾಗೆಯೇ ಗುಣವೆಂದು ಬರೆಯುತ್ತಾರೆ. ಹೊಟ್ಟೆಕಿಚ್ಚಿನ ನೆರೆಯವನು ‘ಅವನು ಜಿಪುಣ’ ಎಂದರೆ, ಆ ಮಾತಿನಿಂದ ಮೊದಲು ತಿಳಿಯುವುದು ನೆರೆಯವನ ಗುಣ.

ಈಗ ಎರಡು ಅಂಕದ ಇಂಥ ಪ್ರಶ್ನೆಗೆ ಗುಣಕ್ಕೆ ಒಂದು, ಆಧಾರ ವಾಕ್ಯಕ್ಕೆ ಒಂದು ಅಂಕ ಕೊಡುತ್ತೇನೆ. ಇದನ್ನು ತರಗತಿಯಲ್ಲಿ ಮೊದಲೇ ತಿಳಿಸಿರುವುದರಿಂದ ಮಕ್ಕಳು ಉತ್ತರ ಬರೆಯುವ ಮುನ್ನ ಪೆನ್ಸಿಲಿನಿಂದ ಆ ವಾಕ್ಯಕ್ಕೆ ಗೆರೆ ಎಳೆದುಕೊಳ್ಳುತ್ತಾರೆ.