ಕೊಡಗಿನಲ್ಲಿ ಲಿನಕ್ಸ್ ಬಳಸುವವರು ಇಂಟರ್ನೆಟ್ ಲೈನ್ ಹಾಕಿಸುವ ಮೊದಲು

"ಲಿನಕ್ಸ್‌ಗೆ ನಿಮ್ಮ ಇಂಟರ್ನೆಟ್ ನಡೆಯುತ್ತದೆಯೇ?" ಎಂದು ಕಂಪನಿಯವರನ್ನು ಕೇಳಬೇಡಿ. ಲೈನಿನ ಕೊನೆಯಲ್ಲಿ ಏನು ಕೂರಿಸುತ್ತೀರಿ ಎಂದು ಕೇಳಿ. ಫೈಬರ್ ಎಳೆದು, ಒಎನ್‌ಟಿ (ಫೈಬರಿನ ಬೆಳಕನ್ನು ಕೇಬಲ್‌ಗೆ ಒಗ್ಗುವ ಸಂಕೇತವಾಗಿಸುವ) ಪೆಟ್ಟಿಗೆ ಇಟ್ಟು, ಅದರ ಲ್ಯಾನ್ ಪೋರ್ಟ್ ಕೊಟ್ಟರೆ ಸಾಕು. ಲಾಗಿನ್ ಆ ಪೆಟ್ಟಿಗೆಯೊಳಗೇ ಆಗುತ್ತದೆ. ಉಬುಂಟು, ಡೆಬಿಯನ್, ಫೆಡೋರಾ ಯಾವುದಿದ್ದರೂ ಕೇಬಲ್ ಚುಚ್ಚಿದೊಡನೆ ಐಪಿ ವಿಳಾಸ ತಾನಾಗಿ ಬರುತ್ತದೆ. ತಮ್ಮ ವಿಂಡೋಸ್ ಸಾಫ್ಟ್‌ವೇರ್ ಇಲ್ಲದೆ ಲಾಗಿನ್ ಆಗದು ಎನ್ನುವವರನ್ನು ಅಲ್ಲಿಗೇ ಬಿಡಿ.

ಪಿಪಿಪಿಒಇ ಲೈನ್ (ಲಾಗಿನ್ ಆದ ಮೇಲೇ ಇಂಟರ್ನೆಟ್ ಸಿಗುವಂಥದ್ದು) ಆದರೆ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಲೈನಿನಲ್ಲಿ ಇಂಟರ್ನೆಟ್ ದಟ್ಟಣೆಗೆ ಕಂಪನಿ ಕೊಟ್ಟ ಗುರುತು) ಮೂರನ್ನೂ ಬರೆಸಿಕೊಳ್ಳಿ. ಮುಂದೆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ಲಾಗಿನ್ ಕೆಲಸ ಬಿಟ್ಟು ಬರೀ ಸಂಕೇತ ದಾಟಿಸುವಂತೆ) ಹಾಕಿಸಿ ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿ ಇರುವ ಸ್ವಂತ ರೌಟರ್ ಇಡುವುದಾದರೆ ಇವು ಬೇಕೇ ಬೇಕು. ಆಗ ಕೆಲವು ಸೈಟುಗಳು ತೆರೆದು ಕೆಲವು ಅರ್ಧಕ್ಕೇ ನಿಂತರೆ ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ: ಸಾಮಾನ್ಯ ಈಥರ್ನೆಟ್‌ನಲ್ಲಿ 1500, ಪಿಪಿಪಿಒಇಯಲ್ಲಿ 8 ಬೈಟ್ ಕಡಿಮೆಯಾಗಿ 1492.

ಮನೆಯ ಸರ್ವರ್‌ಗೆ ಹೊರಗಿನಿಂದ ಎಸ್ಎಸ್ಎಚ್ ಮಾಡುವವರು (ದೂರದಿಂದಲೇ ಲಾಗಿನ್ ಆಗುವವರು) ರೌಟರ್‌ನ ವ್ಯಾನ್ ವಿಳಾಸ, ಅಂದರೆ ಕಂಪನಿ ಕಡೆಯ ಐಪಿ ವಿಳಾಸ ನೋಡಬೇಕು. ಅದು 100.64ರಿಂದ 100.127ರೊಳಗೆ ಶುರುವಾದರೆ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಹೊರಗಿನ ಕರೆಯನ್ನು ಮನೆಯ ಸರ್ವರ್‌ಗೆ ತಿರುಗಿಸುವ ಪೋರ್ಟ್ ಫಾರ್ವರ್ಡಿಂಗ್ ಆಗ ಫಲಿಸದು. ಐಪಿವಿ6 (ವಿಳಾಸಗಳು ಹೇರಳವಾಗಿರುವ ಹೊಸ ವ್ಯವಸ್ಥೆ) ಅಥವಾ ಸ್ಟಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಪಬ್ಲಿಕ್ ವಿಳಾಸ) ಕೊಡುತ್ತಾರೆಯೇ ಎಂದು ಮೊದಲೇ ಕೇಳಿ.

ಇಷ್ಟೆಲ್ಲ ಸರಿಯಿದ್ದರೂ ಕೊಡಗಿನಲ್ಲಿ ಲೈನಿನ ಹಣೆಬರಹ ಬರೆಯುವುದು ಮಳೆಗಾಲ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ತೋಟದ ನಡುವೆ ಹಾದ ಫೈಬರ್ ಮೇಲೆ ಮರ ಬಿದ್ದರೆ ತುಂಡಾದಲ್ಲಿ ಬೆಸೆಯುತ್ತಾರೆ. ಚೆನ್ನಾಗಿ ಬೆಸೆದರೆ ನಷ್ಟ ಅತ್ಯಲ್ಪ. ಅವಸರದ ಬೆಸುಗೆಯೂ ಚೂಪಾಗಿ ಬಾಗಿಸಿದ ಫೈಬರೂ ಬೆಳಕನ್ನು ತಿನ್ನುತ್ತವೆ. ಆದ್ದರಿಂದ ಲೈನ್ ಹಾಕಿದ ದಿನವೇ ಒಎನ್‌ಟಿ ಪುಟದಲ್ಲಿ ಆಪ್ಟಿಕಲ್ ಪವರ್ (ಒಳಬರುವ ಬೆಳಕಿನ ಬಲ) ನೋಡಿ ಬರೆದಿಡಿ. ಇದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ; ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ನಿಶ್ಚಿಂತೆ. ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಪೆಟ್ಟಿಗೆಗಳಿಗೆ ಮೈನಸ್ 27 ಹೆಚ್ಚುಕಡಿಮೆ ಕೊನೆಯ ಗಡಿ. ಮೊದಲ ದಿನವೇ ಮೈನಸ್ 25 ತೋರಿಸಿದರೆ ಅಲ್ಲೇ ಸರಿ ಮಾಡಿಸಿ, ಒಂದೆರಡು ಕೆಟ್ಟ ಬೆಸುಗೆಗೆ ಅದು ತಡೆಯದು. ಬೆಳಕು ಬರುತ್ತಿಲ್ಲವೆಂದು ಹೇಳುವ ಎಲ್ಒಎಸ್ ದೀಪ ಕೆಂಪಾದರೆ ತಪ್ಪು ಲೈನಿನದು, ನಿಮ್ಮ ಲಿನಕ್ಸ್‌ನದಲ್ಲ.

ಹಾಗಾಗಿ 100 ಎಂಬಿಪಿಎಸ್ಸೋ 200 ಎಂಬಿಪಿಎಸ್ಸೋ ಎಂಬ ಲೆಕ್ಕಕ್ಕಿಂತ, ಬೆಸೆಯುವ ಯಂತ್ರ ಹಿಡಿದು ಬರುವ ಹುಡುಗರು ಎಲ್ಲಿದ್ದಾರೆ ಎಂಬುದು ದೊಡ್ಡದು. ಪಕ್ಕದ ತೋಟದವರನ್ನು ವಿಚಾರಿಸಿ: ಕಳೆದ ಜುಲೈನಲ್ಲಿ ಲೈನ್ ಎಷ್ಟು ದಿನ ಸತ್ತಿತ್ತು? ಕರೆಂಟ್ ಹೋದಾಗ ಇಂಟರ್ನೆಟ್ ಕಂಪನಿ ಕಡೆಯ ಉಪಕರಣ ಎಷ್ಟು ಹೊತ್ತು ನಡೆಯುತ್ತದೆ? ಒಎನ್‌ಟಿ ಸಾಮಾನ್ಯವಾಗಿ 12 ವೋಲ್ಟ್‌ನದು, ಚಿಕ್ಕ ಡಿಸಿ ಯುಪಿಎಸ್ ಸಾಕು. ಆದರೆ ಕಂಪನಿಯ ತುದಿ ಆರಿದ್ದರೆ ನಿಮ್ಮ ಯುಪಿಎಸ್‌ನಿಂದ ಪ್ರಯೋಜನವಿಲ್ಲ.

ಬೇರೆ ಕಂಪನಿಯ ಸಿಮ್ ಇರುವ ಆಂಡ್ರಾಯ್ಡ್ ಫೋನ್ ಒಂದು ಜೊತೆಗಿರಲಿ. ಯುಎಸ್‌ಬಿ ಟೆದರಿಂಗ್‌ಗೆ (ಫೋನಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕೊಡುವುದಕ್ಕೆ) ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಬೇಡ. ಬ್ರಾಡ್‌ಕಾಮ್ ವೈಫೈ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ಇನ್‌ಸ್ಟಾಲ್ ಮಾಡುವಾಗ ವೈಫೈ ಡ್ರೈವರ್ ಇಳಿಸಿಕೊಳ್ಳುವುದಕ್ಕೂ ಅದೇ ದಾರಿ.