ಇ-ತ್ಯಾಜ್ಯದ ಲಾರಿ ಗೇಟು ದಾಟುವ ಮುನ್ನ

ಹಾಸನದಂಥ ಊರಿನಲ್ಲಿ ಎಲೆಕ್ಟ್ರಾನಿಕ್ಸ್ ಘಟಕದ ಸ್ಟೋರ್ ನೋಡಿಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತಿದು. ಮರುಬಳಕೆ ನಡೆಯುವುದು ಬೆಂಗಳೂರಿನ ಕಡೆ ಇರಬಹುದು, ಆದರೆ ಅದು ನೆಟ್ಟಗೆ ಆಗುತ್ತದೋ ಇಲ್ಲವೋ ಅನ್ನುವುದು ನಮ್ಮ ಶೆಡ್ಡಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಬೆರೆಸಿ ತುಂಬಿದ ಮಾಲನ್ನು ಆಮೇಲೆ ಯಾರೂ ಬಿಡಿಸುತ್ತಾ ಕೂರುವುದಿಲ್ಲ.

ಫೇಲಾದ ಬೋರ್ಡು, ವಾಪಸು ಬಂದ ಯೂನಿಟ್ಟು, ಹಳೇ ಕಂಪ್ಯೂಟರು, ಇವೆಲ್ಲ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ಬರುತ್ತವೆ. ಸಾಮಾನ್ಯವಾಗಿ 180 ದಿನ ಇಟ್ಟುಕೊಳ್ಳಬಹುದು. ವೇವ್ ಸೋಲ್ಡರಿಂಗ್ ಪಾಟಿನ (ಬೋರ್ಡಿನ ಬೆಸುಗೆಗೆ ಲೋಹ ಕರಗಿಸಿಡುವ ಪಾತ್ರೆ) ಮೇಲಿಂದ ತೆಗೆದ ಸೀಸದ ಡ್ರಾಸ್ (ಕರಗಿದ ಲೋಹದ ಮೇಲೆ ಕಟ್ಟುವ ಕಿಟ್ಟ), ಬಳಸಿದ ಸಾಲ್ವೆಂಟ್, ಒರೆಸಿದ ಬಟ್ಟೆ ಮಾತ್ರ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿಯವು. ಅವಕ್ಕೆ 90 ದಿನ, ಸಾಗಿಸುವಾಗ ಫಾರಂ 10 ಎಂಬ ಸಾಗಣೆ ಚೀಟಿ. ಬ್ಯಾಟರಿಗಳದ್ದು ಮತ್ತೊಂದು ನಿಯಮ. ಒಂದೇ ಡ್ರಮ್ಮಿಗೆ ಬೋರ್ಡು, ಡ್ರಾಸ್ ಎರಡೂ ಬಿದ್ದರೆ ಎರಡು ರಿಜಿಸ್ಟರೂ ಕೆಡುತ್ತವೆ.

ಡ್ರಾಸ್‌ನಲ್ಲೂ ಎರಡು ಬಗೆ. 63/37 ತವರ-ಸೀಸದ ಬೆಸುಗೆಯದ್ದೊಂದು, ಎಸ್‌ಎಸಿ305 ಎಂಬ ಸೀಸರಹಿತ ಬೆಸುಗೆಯದ್ದೊಂದು. ಎರಡನೆಯದರಲ್ಲಿ ಶೇ. 3 ಬೆಳ್ಳಿ ಇರುವುದರಿಂದ ಬೆಲೆ ಜಾಸ್ತಿ. ಎರಡೂ ಬೆರೆತರೆ ಬೆಲೆ ಹೋಗುವುದಷ್ಟೇ ಅಲ್ಲ, ಅದರಿಂದ ಮರಳಿ ಬಂದ ಲೋಹದಲ್ಲಿ ಸೀಸ ಉಳಿಯುತ್ತದೆ. ಉಪಕರಣಗಳಲ್ಲಿ ಅಪಾಯಕಾರಿ ವಸ್ತುಗಳನ್ನು ನಿರ್ಬಂಧಿಸುವ ಆರ್‌ಒಎಚ್‌ಎಸ್ ನಿಯಮದಲ್ಲಿ ಸೀಸದ ಮಿತಿ ಶೇ. 0.1. ಅಂಥ ಲೋಹ ಸೀಸರಹಿತ ಪಾಟಿಗೆ ಬಿದ್ದರೆ ಇಡೀ ಪಾಟು ಖಾಲಿ ಮಾಡಬೇಕು. ಜರಡಿ ಸೌಟೂ ಬೇರೆ ಬೇರೆ ಇರಲಿ, ಹಿಡಿಗೆ ಬಣ್ಣ ಹಚ್ಚಿಡಿ.

ಬೋರ್ಡಿನ ಚೀಲಕ್ಕೆ ಬೆಂಕಿ ಹತ್ತುವುದು ಅದರಲ್ಲೇ ಉಳಿದ ಕಾಯಿನ್ ಸೆಲ್ಲಿನಿಂದಲೂ ಆಗುತ್ತದೆ. ಪಕ್ಕದ ಬೋರ್ಡಿನ ಕಾಲುಗಳು ತಾಗಿ ಶಾರ್ಟ್ ಆದರೆ ಸಾಕು. ಸೆಲ್ ತೆಗೆದು ಎರಡೂ ತುದಿಗೆ ಟೇಪ್ ಸುತ್ತಿ ಬೇರೆ ಡಬ್ಬಿಗೆ ಹಾಕಿ. ಉಬ್ಬಿದ ಲಿಥಿಯಂ ಪ್ಯಾಕನ್ನು ಚುಚ್ಚಬೇಡಿ, ಒತ್ತಬೇಡಿ. ಒಣ ಮರಳು ತುಂಬಿದ ಕಬ್ಬಿಣದ ಡ್ರಮ್ಮಿನಲ್ಲಿಟ್ಟು, ಮುಚ್ಚಳ ಬಿಗಿಯದೆ, ಮುಖ್ಯ ಶೆಡ್ಡಿನಿಂದ ದೂರ ಇಡಿ. ರಿಜೆಕ್ಟ್ ಯೂನಿಟ್ಟು ಮತ್ತೆ ಮಾರುಕಟ್ಟೆಗೆ ಹೋಗದಂತೆ ಡ್ರಿಲ್ ಹೊಡೆಯುವಾಗಲೂ ಬ್ಯಾಟರಿ ಹೊರಗೆ ಬಂದ ಮೇಲೆಯೇ ಐಸಿಯ (ಚಿಪ್‌ನ) ಮೇಲೆ ತೂತು.

ಸಕಲೇಶಪುರದ ಕಡೆಯಿಂದ ಮಳೆ ಶುರುವಾದರೆ ಸೆಪ್ಟೆಂಬರ್‌ವರೆಗೂ ನಮ್ಮಲ್ಲಿ ರಟ್ಟಿನ ಪೆಟ್ಟಿಗೆ ಒಣಗುವುದಿಲ್ಲ. ರಟ್ಟು ನೀರು ಕುಡಿದು ತೂಕ ಏರುತ್ತದೆ, ತಳ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಕ್ರೇಟು, ಅದರಡಿ ಪ್ಯಾಲೆಟ್ಟು, ಕಾಂಕ್ರೀಟ್ ನೆಲ, ಇವು ಮೂರು ಬೇಕೇ ಬೇಕು.

ಇನ್ನು ತೂಕ. ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಲಾರಿ ವೇಬ್ರಿಡ್ಜ್ ಸಾಮಾನ್ಯವಾಗಿ 5 ಅಥವಾ 10 ಕೆಜಿಯ ಲೆಕ್ಕದಲ್ಲಿ ತೋರಿಸುತ್ತದೆ. ಖಾಲಿ ತೂಕ ನೋಡುವಾಗ ಕ್ಲೀನರ್ ಒಳಗಿದ್ದು, ಲೋಡಾದ ಮೇಲೆ ಕೆಳಗಿಳಿದರೆ ಅಲ್ಲೇ 60 ಕೆಜಿ ಹೋಯಿತು. ನಡುವೆ 100 ಲೀಟರ್ ಡೀಸೆಲ್ ಹಾಕಿಸಿದರೆ ಸುಮಾರು 83 ಕೆಜಿ ಬಂತು. ನೀವು ಕಳಿಸುತ್ತಿರುವುದು 240 ಕೆಜಿ ಬೋರ್ಡಾದರೆ ಆ ಚೀಟಿಗೆ ಅರ್ಥವೇ ಇಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಪ್ಲಾಟ್‌ಫಾರಂ ತಕ್ಕಡಿಯಲ್ಲಿ ಒಂದೊಂದೇ ಕ್ರೇಟು ತೂಗಿ, ಕ್ರೇಟಿನ ತೂಕ ಕಳೆದು, ಸೀಲ್ ನಂಬರಿನ ಜೊತೆ ಬರೆಯಿರಿ. ಚನ್ನರಾಯಪಟ್ಟಣ, ಕುಣಿಗಲ್ ದಾಟಿ ಹೋದ ಮಾಲು ಅಲ್ಲಿ ಇಳಿದಾಗಲೂ ಇದೇ ಪಟ್ಟಿಯ ಪ್ರಕಾರ ತೂಗಲಿ.

ಊರಿನ ಗುಜರಿಯವರು ಕೈಯಲ್ಲೇ ಹೆಚ್ಚು ದುಡ್ಡು ಕೊಡುತ್ತಾರೆ, ನಿಜ. ಅವರು ದುಡಿಮೆಗಾರರು, ಸಂಗ್ರಹದಲ್ಲಿ ಅವರ ಪಾತ್ರ ದೊಡ್ಡದು. ಆದರೆ ಆ ಹೆಚ್ಚಿನ ಬೆಲೆ ಹುಟ್ಟುವುದು ಮುಂದೆಲ್ಲೋ ಬಯಲಲ್ಲಿ ಬೋರ್ಡು ಸುಟ್ಟು, ಆಸಿಡ್‌ನಲ್ಲಿ ಅದ್ದಿ, ಉಳಿದದ್ದನ್ನು ಚರಂಡಿಗೆ ಬಿಡುವುದರಿಂದ. ದೆಹಲಿಯ ಸೀಲಂಪುರ, ಮೊರಾದಾಬಾದ್, ಚೀನಾದ ಗುಯಿಯು ಹೆಸರಾದದ್ದು ಇದಕ್ಕೇ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ, ಅದನ್ನು ಉಸಿರಾಡುವವರಲ್ಲಿ ಮಕ್ಕಳೂ ಇರುತ್ತಾರೆ. ಗುಜರಿ ಚೀಟಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಬೆಲೆಯೂ ಇಲ್ಲ. ಉತ್ಪಾದಕರು ತಮ್ಮ ಮರುಬಳಕೆಯ ಹೊಣೆ ತೀರಿಸಿದ್ದಕ್ಕೆ ತೋರಿಸುವ ಇಪಿಆರ್ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಮರುಬಳಕೆದಾರರಿಂದ ಮಾತ್ರ.

ಈ ಹೊಣೆ ಯಾರದು ಅನ್ನುವ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 2001ರಿಂದ ಟಿವಿ, ಫ್ರಿಜ್, ಎಸಿ, ವಾಷಿಂಗ್ ಮೆಷಿನ್ ಬಿಸಾಡುವ ಗ್ರಾಹಕರೇ ಶುಲ್ಕ ಕಟ್ಟುತ್ತಾರೆ. ದಕ್ಷಿಣ ಕೊರಿಯಾ 2003ರಿಂದ ಉತ್ಪಾದಕರ ಮೇಲೆ ಹೊಣೆ ಹೊರಿಸಿದೆ. ನಮ್ಮಲ್ಲಿ ಉತ್ಪಾದಕರ ಮರುಬಳಕೆ ಗುರಿ ಶೇ. 60ರಿಂದ ಶುರುವಾಗಿ 2025-26ಕ್ಕೆ 70, 2027-28ರಿಂದ 80. ಮಂಗಳೂರು ಬಂದರು ಹತ್ತಿರವಿದೆ, ಬೋರ್ಡು ಹಡಗಿಗೆ ಹಾಕಿ ಜಪಾನಿನ ಕೊಸಾಕಾದಂಥ ಸ್ಮೆಲ್ಟರಿಗೆ (ಲೋಹ ಕರಗಿಸಿ ತೆಗೆಯುವ ಘಟಕ) ಕಳಿಸೋಣ ಅಂದರೆ ಸುಲಭವಲ್ಲ. 2025ರ ಜನವರಿ 1ರಿಂದ ದೇಶಗಳ ನಡುವೆ ತ್ಯಾಜ್ಯ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದಡಿ ಅಪಾಯಕಾರಿಯಲ್ಲದ ಇ-ತ್ಯಾಜ್ಯಕ್ಕೂ ಕಳಿಸುವ, ಹಾಯುವ, ಪಡೆಯುವ ದೇಶಗಳ ಪೂರ್ವಾನುಮತಿ ಬೇಕು.

ಹಾಗಾಗಿ ಇಲ್ಲಿಯ ಮರುಬಳಕೆದಾರರನ್ನೇ ಚೆನ್ನಾಗಿ ನೋಡಿ ಆರಿಸಬೇಕು. ನೋಂದಣಿ, ವಾರ್ಷಿಕ ಟನ್ ಸಾಮರ್ಥ್ಯ, ರಾಜ್ಯ ಮಂಡಳಿಯ ಸಮ್ಮತಿಯ ಕೊನೇ ದಿನಾಂಕ ನೋಡಿ. ಅದಕ್ಕಿಂತ ಮುಖ್ಯವಾಗಿ, ಒಳಗೆ ಹೋದ 1000 ಕೆಜಿ ಕಬ್ಬಿಣ, ಅಲ್ಯುಮಿನಿಯಂ, ತಾಮ್ರ, ಪ್ಲಾಸ್ಟಿಕ್, ಬೋರ್ಡು, ಉಳಿಕೆ ಅಂತ ಎಷ್ಟೆಷ್ಟಾಗಿ ಹೊರಬಂತು, ಒಂದೊಂದೂ ಯಾರಿಗೆ ಹೋಯಿತು ಎಂದು ಬಿಲ್ಲಿನ ಸಮೇತ ಕೇಳಿ. ಬರೀ ಬಿಚ್ಚುವ ಕೆಲಸ ಮಾಡುವವರಾದರೆ ಬೋರ್ಡು ಮತ್ತೊಬ್ಬರ ಕೈಗೆ ಹೋಗಿರುತ್ತದೆ; ಅವರ ನೋಂದಣಿಯನ್ನೂ ನೋಡಬೇಕು. ಪ್ರಮಾಣಪತ್ರದ ತೂಕ ನಿಮ್ಮ ಕ್ರೇಟು ಪಟ್ಟಿಗೆ ಹೊಂದದಿದ್ದರೆ ಅದೇ ವಾರ ಕೇಳಿಬಿಡಿ, ಮಾರ್ಚ್‌ವರೆಗೆ ಬಿಟ್ಟರೆ ಆ ಮಾಲು ಅಲ್ಲಿ ಬೇರೆಯವರ ಮಾಲಿನ ಜೊತೆ ಪುಡಿಯಾಗಿ ಹೋಗಿರುತ್ತದೆ.